ಬಾಗಿಲಿಲ್ಲದ ಮನೆಗೆ ಆಮ್ಲಜನಕ ಹೊಕ್ಕಿದ್ದು ಹೇಗೆ?

ಹಿಮೋಗ್ಲೋಬಿನ್ನಿನ ಚಿತ್ರದಲ್ಲಿ ಬಾಗಿಲೇ ಇರಲಿಲ್ಲ.

ಇದು 1966ರ ಮಾತು. ಕೇಂಬ್ರಿಡ್ಜಿನಲ್ಲಿ ಮ್ಯಾಕ್ಸ್ ಪೆರುಟ್ಸ್ ಮತ್ತು ಸ್ಕಾಟ್ ಮ್ಯಾಥ್ಯೂಸ್ ಎಂಬಿಬ್ಬರು ಕುದುರೆಯ ರಕ್ತದಿಂದ ತೆಗೆದ ಹಿಮೋಗ್ಲೋಬಿನ್ ಹರಳುಗಳ ಎಕ್ಸ್-ರೇ ನಕ್ಷೆಯನ್ನು ಪರೀಕ್ಷಿಸುತ್ತಿದ್ದರು. ನಾವು ಉಸಿರಾಡಿದ ಆಮ್ಲಜನಕವನ್ನು ಹೊತ್ತು ಮೈಯೆಲ್ಲ ತಿರುಗುವ ಪ್ರೋಟೀನ್ ಅಣು ಇದೇ ತಾನೆ? ಆಮ್ಲಜನಕ ಹೋಗಿ ಕೂರುವ ಜಾಗ, ಅಂದ್ರೆ ಕಬ್ಬಿಣದ ಒಂದು ಪರಮಾಣು, ಅಣುವಿನ ಒಳಗೊಂದು ಗೂಡಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಹೊರಗಿನಿಂದ ಆ ಗೂಡಿಗೆ ಹೋಗುವ ದಾರಿ ಮಾತ್ರ ಕಾಣಲಿಲ್ಲ. ಸುತ್ತಲೂ ಪರಮಾಣುಗಳು ಒತ್ತೊತ್ತಾಗಿ ಕೂತು ಗೋಡೆ ಕಟ್ಟಿದ್ದವು. ಚಿತ್ರವನ್ನು ಹಾಗೇ ನಂಬಿದರೆ ಆಮ್ಲಜನಕ ಒಳಗೆ ಹೋಗೋದು ಸಾಧ್ಯವೇ ಇಲ್ಲ. ಹೇಗೋ ಒಳಗೆ ಹೋದದ್ದು ಹೊರಗೆ ಬರೋದೂ ಸಾಧ್ಯವಿಲ್ಲ. ಅಂದ ಮೇಲೆ ನಾವು ನೀವು ಯಾರೂ ಬದುಕಿರಬಾರದು!

ಚಿತ್ರವೇನೂ ತಪ್ಪಾಗಿರಲಿಲ್ಲ. ಅದರ ಹಿಂದೆ ಸುಮಾರು ಮೂವತ್ತು ವರ್ಷದ ದುಡಿಮೆ ಇತ್ತು, ಆ ದುಡಿಮೆಗೆ ನೊಬೆಲ್ ಕೂಡ ಬಂದಿತ್ತು. ಅಣು ಅಂದ್ರೆ ಗಟ್ಟಿಯಾದ, ಅಲುಗಾಡದ ವಸ್ತು ಅನ್ನೋ ನಮ್ಮ ಕಲ್ಪನೆಯಲ್ಲೇ ದೋಷ ಇದ್ದದ್ದು. ಆ ಕಲ್ಪನೆ ಎಲ್ಲಿಂದ ಬಂತು, ಅದು ಎಲ್ಲೆಲ್ಲಿ ಬಿರುಕು ಬಿಟ್ಟಿತು, ಕೊನೆಗೆ ಬಾಗಿಲು ಎಲ್ಲಿ ಸಿಕ್ಕಿತು ಅನ್ನೋದನ್ನ ಇಲ್ಲಿ ಹೇಳಬೇಕೆಂದಿದ್ದೇನೆ. ರಕ್ತದ ಕತೆಯಾದ್ದರಿಂದ ನಡುವೆ ಸ್ವಲ್ಪ ನೋವಿನ ಸಂಗತಿಯೂ ಬರುತ್ತದೆ.

*

ಮೊದಲು ಬೀಗದ ಕೈ ಕತೆ ಕೇಳಿ.

1894ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಫಿಶರ್ ಎಂಬ ರಸಾಯನ ವಿಜ್ಞಾನಿ ಸಕ್ಕರೆಗಳ ಬೆನ್ನು ಹತ್ತಿದ್ದ. ಸಕ್ಕರೆಯಿಂದ ತಯಾರಾದ ಎರಡು ವಸ್ತುಗಳು ಅವನ ಹತ್ತಿರ ಇದ್ದವು. ಎರಡರಲ್ಲೂ ಅವೇ ಪರಮಾಣುಗಳು, ಅಷ್ಟೇ ಸಂಖ್ಯೆಯಲ್ಲಿ. ಒಂದೇ ಒಂದು ಕಡೆ ಜೋಡಣೆ ಆಚೆಗಿನದು ಈಚೆಗೆ, ಅಷ್ಟೇ ವ್ಯತ್ಯಾಸ. ಯೀಸ್ಟಿನಿಂದ ತೆಗೆದ ಕಿಣ್ವ ಮೊದಲನೆಯದನ್ನು ಒಡೆಯಿತು, ಎರಡನೆಯದನ್ನು ಮುಟ್ಟಲಿಲ್ಲ. ಕಹಿ ಬಾದಾಮಿಯಿಂದ ತೆಗೆದ ಎಮಲ್ಸಿನ್ ಎಂಬ ಕಿಣ್ವ ಇದಕ್ಕೆ ತದ್ವಿರುದ್ಧವಾಗಿ ಎರಡನೆಯದನ್ನು ಒಡೆದು ಮೊದಲನೆಯದನ್ನು ಬಿಟ್ಟಿತು. ಇಷ್ಟು ಚೌಕಾಶಿ ಮಾಡೋ ಕಿಣ್ವ ತನ್ನ ವಸ್ತುವನ್ನು ಗುರುತು ಹಿಡಿಯೋದು ಹೇಗೆ? ಬೀಗಕ್ಕೆ ಬೀಗದ ಕೈ ಹೊಂದಿದ ಹಾಗೆ ಎಂದು ಫಿಶರ್ ಹೇಳಿದ. ಆಕಾರ ಕೂಡಿ ಬಂದರೆ ಕೆಲಸ ಆಗುತ್ತದೆ, ಇಲ್ಲದಿದ್ದರೆ ಇಲ್ಲ.

ಹೋಲಿಕೆ ಎಷ್ಟು ಚೆನ್ನಾಗಿತ್ತು ಅಂದ್ರೆ ಇವತ್ತಿಗೂ ಶಾಲೆಯ ಪುಸ್ತಕಗಳಲ್ಲಿ ಅದೇ ಚಿತ್ರ. ಫಿಶರ್‌ನ ಕಾಲಕ್ಕೆ ಕಿಣ್ವ ಅಂದ್ರೆ ಏನು ವಸ್ತು ಅನ್ನೋದೇ ಸರಿಯಾಗಿ ಗೊತ್ತಿರಲಿಲ್ಲ. ಆಗ ಇಷ್ಟನ್ನು ಹೇಳಿದ್ದು ದೊಡ್ಡ ಮಾತೇ. ಆದರೆ ಬೀಗ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಕಬ್ಬಿಣದ ಬೀಗ. ಅಣುವೂ ಹಾಗೇ ಗಟ್ಟಿ ಅನ್ನೋ ಭಾವನೆ ಆ ಹೋಲಿಕೆಯ ಜೊತೆಗೇ ಮನಸ್ಸಿಗೆ ಇಳಿದುಬಿಟ್ಟಿತು.

ಅದಕ್ಕೆ ಮೊದಲ ಬಿರುಕು ಬಿಟ್ಟದ್ದು ಹತ್ತು ವರ್ಷದ ನಂತರ, ಕೋಪನ್‌ಹೇಗನ್ನಿನಲ್ಲಿ. ಅಲ್ಲಿನ ಶರೀರಶಾಸ್ತ್ರಜ್ಞ ಕ್ರಿಶ್ಚಿಯನ್ ಬೋರ್ (ಪರಮಾಣುವಿನ ರಚನೆಗೆ ಹೆಸರಾದ ನೀಲ್ಸ್ ಬೋರ್ ಈತನ ಮಗ) ಆಮ್ಲಜನಕದ ಒತ್ತಡವನ್ನು ಹೆಚ್ಚಿಸುತ್ತಾ ಹೋದಂತೆ ರಕ್ತ ಎಷ್ಟೆಷ್ಟು ಆಮ್ಲಜನಕ ಹಿಡಿಯುತ್ತದೆ ಎಂದು ಅಳೆದ. ಬೀಗ–ಕೈ ಲೆಕ್ಕದಲ್ಲಾದರೆ ಗೆರೆ ಮೊದಲು ಸರ್ರನೆ ಏರಿ, ಜಾಗ ತುಂಬುತ್ತಾ ಬಂದ ಹಾಗೆ ನಿಧಾನ ಆಗಬೇಕು. ಬೋರ್‌ಗೆ ಸಿಕ್ಕ ಗೆರೆ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಳುಕಿತ್ತು. ಮೊದಲು ಹಿಂಜರಿಕೆ, ಆಮೇಲೆ ಏಕಾಏಕಿ ಏರಿಕೆ, ಕೊನೆಗೆ ಮತ್ತೆ ನಿಧಾನ.

ನಮ್ಮ ಮದುವೆ ಮನೆಯ ಪಂಕ್ತಿ ಊಟ ನೋಡಿದವರಿಗೆ ಈ ಗೆರೆ ಹೊಸದಲ್ಲ. ಎಲೆ ಹಾಕಿರ್ತಾರೆ, ಮೊದಲು ಕೂರೋಕೆ ಯಾರಿಗೂ ಮನಸ್ಸಿಲ್ಲ. 'ನೀವು ಬನ್ನಿ, ನೀವು ಬನ್ನಿ' ಅಂತ ನಿಂತಿರ್ತಾರೆ. ಯಾರೋ ಒಬ್ಬರು ಕೂತ ತಕ್ಷಣ ಪಕ್ಕದ ಎಲೆಗಳೂ ತುಂಬಿಬಿಡ್ತವೆ. ಏಳೋವಾಗಲೂ ಹಾಗೇ, ಒಬ್ಬರು ಎದ್ದರೆ ಸಾಲೇ ಏಳುತ್ತದೆ. ಹಿಮೋಗ್ಲೋಬಿನ್ನಿನಲ್ಲಿ ಇಂಥ ನಾಲ್ಕು ಎಲೆಗಳಿವೆ ಅನ್ನೋದನ್ನು 1925ರ ಹೊತ್ತಿಗೆ ಕೇಂಬ್ರಿಡ್ಜಿನ ಗಿಲ್ಬರ್ಟ್ ಅಡೇರ್ ಲೆಕ್ಕ ಹಾಕಿ ತೋರಿಸಿದ. ಒಂದು ಅಣು, ಅದರಲ್ಲಿ ನಾಲ್ಕು ಕಬ್ಬಿಣ, ನಾಲ್ಕು ಆಮ್ಲಜನಕ.

ಈ ಬಳುಕು ಗೆರೆಯಿಂದ ನಮಗೇನು ಲಾಭ ಅಂತ ಕೇಳಬಹುದು. ಶ್ವಾಸಕೋಶದಲ್ಲಿ ಆಮ್ಲಜನಕದ ಒತ್ತಡ ಸುಮಾರು 100 ಮಿಲಿಮೀಟರ್ ಪಾದರಸದಷ್ಟು, ಅಂಗಾಂಗಗಳಲ್ಲಿ ಸುಮಾರು 40. ದುಡಿಯುವ ಸ್ನಾಯುವಿನಲ್ಲಿ ಇನ್ನೂ ಕಡಿಮೆ. ಹಿಮೋಗ್ಲೋಬಿನ್ ಅರ್ಧ ತುಂಬೋದು 26–27ರ ಆಸುಪಾಸಿನಲ್ಲಿ. ಹೀಗಾಗಿ ಶ್ವಾಸಕೋಶದಲ್ಲಿ ಹೆಚ್ಚುಕಡಿಮೆ ಪೂರ್ತಿ ತುಂಬಿಕೊಳ್ಳುತ್ತದೆ, ಬೇಕಾದ ಕಡೆ ಧಾರಾಳವಾಗಿ ಇಳಿಸುತ್ತದೆ. ಸ್ನಾಯುವಿನಲ್ಲಿ ಮಯೋಗ್ಲೋಬಿನ್ ಎಂಬ ಅದರ ನೆಂಟ ಒಬ್ಬನಿದ್ದಾನೆ, ಅವನದು ಒಂದೇ ಎಲೆ. ಅವನ ಗೆರೆಯಲ್ಲಿ ಬಳುಕು ಇಲ್ಲ, 2–3 ಮಿಲಿಮೀಟರ್ ಒತ್ತಡಕ್ಕೇ ಅರ್ಧ ತುಂಬಿ ಕೂತಿರ್ತಾನೆ. ಕೂಡಿಡೋದಕ್ಕೆ ಅವನು ಸರಿ. ರಕ್ತದಲ್ಲಿ ಅವನನ್ನು ತುಂಬಿದರೆ ಶ್ವಾಸಕೋಶದಲ್ಲಿ ಹೊತ್ತುಕೊಂಡದ್ದನ್ನು ಬಹುಪಾಲು ಹಾಗೇ ವಾಪಸ್ ತರ್ತಾನೆ. ಹಿಡಿಯೋದರಷ್ಟೇ ಬಿಡೋದೂ ಮುಖ್ಯ ಅನ್ನೋದು ಈ ಕತೆಯುದ್ದಕ್ಕೂ ನೆನಪಿರಲಿ.

1904ರಲ್ಲಿ ಬೋರ್ ತನ್ನ ಜೊತೆಗಾರರಾದ ಹಾಸೆಲ್‌ಬಾಲ್ಕ್ ಮತ್ತು ಆಗಸ್ಟ್ ಕ್ರೋ ಜೊತೆ ಇನ್ನೊಂದು ವಿಷಯ ಕಂಡುಕೊಂಡ. ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದ ಕಡೆ ರಕ್ತ ಆಮ್ಲಜನಕವನ್ನು ಇನ್ನಷ್ಟು ಸುಲಭವಾಗಿ ಬಿಟ್ಟುಕೊಡುತ್ತದೆ. ಬೀಗದ ಒಂದು ಮೂಲೆಗೆ ಬೇರೇನೋ ತಗುಲಿದರೆ ಇನ್ನೊಂದು ಮೂಲೆಯ ಕೈ ಸಡಿಲವಾಗುವುದು ಹೇಗೆ? ಕಬ್ಬಿಣದ ಬೀಗದ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ.

*

ಎರಡನೇ ಬಿರುಕು ಕಣ್ಣಿಗೇ ಕಂಡಿತು. ಪ್ರಾಗ್ ನಗರದಲ್ಲಿ ಫೆಲಿಕ್ಸ್ ಹೌರೋವಿಟ್ಸ್ ಎಂಬ ಜೀವರಸಾಯನ ವಿಜ್ಞಾನಿ ಆಮ್ಲಜನಕ ಇಲ್ಲದ ಹಿಮೋಗ್ಲೋಬಿನ್ನಿನ ಹರಳುಗಳನ್ನು ಸೂಕ್ಷ್ಮದರ್ಶಕದಡಿ ನೋಡುತ್ತಿದ್ದ. ನೇರಳೆ ಬಣ್ಣದ, ಆರು ಮೂಲೆಯ ಚೆಂದದ ಬಿಲ್ಲೆಗಳು. ಗಾಜಿನ ಅಂಚಿನಿಂದ ಗಾಳಿ ಒಳಗೆ ಸೇರಿದ ಹಾಗೆ ಆ ಬಿಲ್ಲೆಗಳು ಕರಗಿಹೋಗಿ ಅವುಗಳ ಜಾಗದಲ್ಲಿ ಕಡುಗೆಂಪು ಸೂಜಿಗಳು ಮೂಡಿದವು. 1938ರಲ್ಲಿ ಅವನು ಇದನ್ನು ಪ್ರಕಟಿಸಿದ. ಒಂದು ಹರಳು ಅಂದ್ರೆ ಕೋಟ್ಯಂತರ ಅಣುಗಳನ್ನು ಇಟ್ಟಿಗೆ ಪೇರಿಸಿದ ಹಾಗೆ ಪೇರಿಸಿಟ್ಟದ್ದು. ಗೋಡೆ ಕುಸಿದು ಬೇರೆ ಗೋಡೆ ಎದ್ದಿತು ಅಂದ್ರೆ ಇಟ್ಟಿಗೆಯ ಆಕಾರವೇ ಬದಲಾಗಿರಬೇಕು. ಆಮ್ಲಜನಕ ಹಿಡಿದ ಹಿಮೋಗ್ಲೋಬಿನ್ ಬೇರೆ ಆಕಾರದ್ದು, ಬಿಟ್ಟದ್ದು ಬೇರೆ ಆಕಾರದ್ದು.

ಈ ಹೌರೋವಿಟ್ಸ್ ಪೆರುಟ್ಸ್‌ಗೆ ನೆಂಟ. ಪೆರುಟ್ಸ್‌ನ ದಾಯಾದಿ ಸೋದರಿಯೊಬ್ಬಳ ಗಂಡ. ವಿಯೆನ್ನಾದಲ್ಲಿ ಹುಟ್ಟಿ 1936ರಲ್ಲಿ ಕೇಂಬ್ರಿಡ್ಜಿಗೆ ಓದಲು ಹೋಗಿದ್ದ ಪೆರುಟ್ಸ್, ಏನು ಸಂಶೋಧನೆ ಮಾಡಲಿ ಅಂತ ಮರುವರ್ಷ ಇವನನ್ನು ಕೇಳಿದ. ಹಿಮೋಗ್ಲೋಬಿನ್ ಹಿಡಿ ಎಂಬ ಸಲಹೆ ಸಿಕ್ಕಿತು. ಆಗ ಎಕ್ಸ್-ರೇ ವಿಧಾನದಿಂದ ಬಿಡಿಸಬಲ್ಲ ಅಣುಗಳಲ್ಲಿ ಕೆಲವೇ ಹತ್ತು ಪರಮಾಣುಗಳಿರುತ್ತಿದ್ದವು. ಹಿಮೋಗ್ಲೋಬಿನ್ನಿನಲ್ಲಿ ಸುಮಾರು ಹತ್ತು ಸಾವಿರ. ಕೇಳಿದವರು ನಗದೆ ಇನ್ನೇನು ಮಾಡ್ತಾರೆ?

ಅಷ್ಟರಲ್ಲಿ ಯುರೋಪಿನಲ್ಲಿ ನಗುವ ಕಾಲ ಮುಗಿದಿತ್ತು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಯಹೂದಿ ಮೂಲದ ಪೆರುಟ್ಸ್ ಕುಟುಂಬ ಮನೆ–ವ್ಯಾಪಾರ ಕಳೆದುಕೊಂಡು ನಿರಾಶ್ರಿತವಾಯಿತು. ಹೌರೋವಿಟ್ಸ್ ಪ್ರಾಗ್ ಬಿಟ್ಟು ಇಸ್ತಾಂಬುಲ್ ಸೇರಿದ. 1940ರಲ್ಲಿ ಬ್ರಿಟಿಷರು ಪೆರುಟ್ಸ್‌ನನ್ನೇ ಶತ್ರು ದೇಶದವನು ಅಂತ ಬಂಧಿಸಿ ಹಡಗು ಹತ್ತಿಸಿ ಕೆನಡಾಕ್ಕೆ ಕಳಿಸಿದರು! ಕೆಲವು ತಿಂಗಳ ನಂತರ ಬಿಡುಗಡೆಯಾಗಿ ಬಂದವನು ಮತ್ತೆ ಅದೇ ಹರಳುಗಳ ಮುಂದೆ ಕೂತ.

ಎಕ್ಸ್-ರೇ ಹರಳಿನ ಮೂಲಕ ಹಾದಾಗ ಫಿಲ್ಮಿನ ಮೇಲೆ ಸಾವಿರಾರು ಚುಕ್ಕೆ ಬೀಳುತ್ತವೆ. ಚುಕ್ಕೆಗಳ ಗಾಢತೆ ಅಳೆಯಬಹುದು. ಆದರೆ ಚಿತ್ರ ಕಟ್ಟಲು ಬೇಕಾದ ಇನ್ನೊಂದು ಮಾಹಿತಿ, ಅಲೆಗಳು ಏರುತ್ತಾ ಬಂದವೋ ಇಳಿಯುತ್ತಾ ಬಂದವೋ ಅನ್ನೋದು, ಫಿಲ್ಮಿಗೆ ಬೀಳುವಷ್ಟರಲ್ಲಿ ಕಳೆದುಹೋಗಿರುತ್ತದೆ. ಇದಕ್ಕೆ 1953ರಲ್ಲಿ ಪೆರುಟ್ಸ್ ಒಂದು ಉಪಾಯ ಸಾಧಿಸಿ ತೋರಿಸಿದ. ಹಿಮೋಗ್ಲೋಬಿನ್ನಿಗೆ ಪಾದರಸದ ಪರಮಾಣುಗಳನ್ನು ಅಂಟಿಸಿ ಮತ್ತೆ ಚಿತ್ರ ತೆಗೆದ. ಭಾರದ ಪಾದರಸದಿಂದ ಚುಕ್ಕೆಗಳಲ್ಲಾದ ಏರುಪೇರನ್ನು ಹಿಡಿದು ಕಳೆದುಹೋದ ಮಾಹಿತಿಯನ್ನು ಲೆಕ್ಕ ಹಾಕಬಹುದಿತ್ತು. ಅದೇ ದಾರಿಯಲ್ಲಿ ಅವನ ಜೊತೆಗಾರ ಜಾನ್ ಕೆಂಡ್ರೂ ತಿಮಿಂಗಿಲದ ಮಯೋಗ್ಲೋಬಿನ್ನಿನ ರಚನೆಯನ್ನು ಮೊದಲು ಬಿಡಿಸಿದ. 1959ರಲ್ಲಿ ಪೆರುಟ್ಸ್‌ನ ಹಿಮೋಗ್ಲೋಬಿನ್ನೂ ಮಸುಕು ಮಸುಕಾಗಿ ಮೂಡಿತು. 1962ರಲ್ಲಿ ಇಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು.

ಇಷ್ಟು ಕಷ್ಟಪಟ್ಟು ನೋಡಿದ ಚಿತ್ರ ಪೆರುಟ್ಸ್‌ನನ್ನು ಪೇಚಿಗೆ ಸಿಕ್ಕಿಸಿತು. ನಾಲ್ಕು ಎಲೆಗಳು ಪಕ್ಕಪಕ್ಕದಲ್ಲಿ ಇರ್ತವೆ, ಅದಕ್ಕೇ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ನೋಡಿದರೆ ನಾಲ್ಕು ಕಬ್ಬಿಣಗಳೂ ನಾಲ್ಕು ಬೇರೆ ಬೇರೆ ಗೂಡುಗಳಲ್ಲಿ, ಒಂದರಿಂದ ಇನ್ನೊಂದು ಕಡಿಮೆ ಅಂದರೂ 25 ಆಂಗ್‌ಸ್ಟ್ರಾಂ ದೂರ. ಒಂದು ಆಂಗ್‌ಸ್ಟ್ರಾಂ ಅಂದ್ರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ನಮಗೆ ಅದು ಏನೇನೂ ಅಲ್ಲ, ಪರಮಾಣುಗಳ ಲೆಕ್ಕದಲ್ಲಿ ಬಲು ದೂರ. ಅಷ್ಟು ದೂರದಿಂದ ಅವು ಮಾತಾಡಿಕೊಳ್ಳೋದು ಹೇಗೆ?

ಪೆರುಟ್ಸ್‌ಗೆ ಹೌರೋವಿಟ್ಸ್‌ನ ಕರಗಿದ ಹರಳು ನೆನಪಿತ್ತು. ಒಂದು ಚಿತ್ರ ಸಾಲದು, ಎರಡು ಬೇಕು. 1963ರಲ್ಲಿ ಹಿಲರಿ ಮ್ಯೂರ್‌ಹೆಡ್ ಜೊತೆ ಸೇರಿ ಆಮ್ಲಜನಕ ಇಲ್ಲದ ಹಿಮೋಗ್ಲೋಬಿನ್ನಿನ ಚಿತ್ರವನ್ನೂ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯಿತು: ಹಿಮೋಗ್ಲೋಬಿನ್ನಿನ ನಾಲ್ಕು ತುಂಡುಗಳು ಒಂದರ ಮೇಲೊಂದು ಜಾರಿವೆ. ಅಣುವಿನ ಒಂದು ಅರ್ಧ ಇನ್ನೊಂದು ಅರ್ಧದ ಮೇಲೆ ಸುಮಾರು 15 ಡಿಗ್ರಿ ತಿರುಗುತ್ತದೆ ಎಂದು ಮುಂದೆ ಸ್ಪಷ್ಟವಾಯಿತು.

*

ಇದೇ ಹೊತ್ತಿಗೆ ಬೀಗ–ಕೈ ಹೋಲಿಕೆಗೆ ಬೇರೆ ಕಡೆಯಿಂದಲೂ ಏಟು ಬೀಳುತ್ತಿತ್ತು. 1958ರಲ್ಲಿ ಅಮೆರಿಕದ ಡೇನಿಯಲ್ ಕೋಶ್‌ಲ್ಯಾಂಡ್ ಒಂದು ಸರಳ ಪ್ರಶ್ನೆ ಕೇಳಿದ. ಹೆಕ್ಸೋಕೈನೇಸ್ ಅನ್ನೋ ಕಿಣ್ವ ಗ್ಲೂಕೋಸಿಗೆ ಫಾಸ್ಫೇಟ್ ಅಂಟಿಸುತ್ತದೆ. ಗ್ಲೂಕೋಸ್ ಹಿಡಿಸುವ ಗೂಡಿನಲ್ಲಿ ನೀರಿನ ಅಣು ಆರಾಮಾಗಿ ಹಿಡಿಸಬೇಕು, ಅದು ಚಿಕ್ಕದು ತಾನೆ? ಸುತ್ತಮುತ್ತ ನೀರಿಗೇನೂ ಬರ ಇಲ್ಲ. ಆದರೂ ಕಿಣ್ವ ಫಾಸ್ಫೇಟನ್ನು ನೀರಿಗೆ ಕೊಟ್ಟು ಹಾಳುಮಾಡೋದು ತೀರಾ ಅಪರೂಪ. ಹಾಗಾದರೆ ಗ್ಲೂಕೋಸ್ ಬಂದು ಕೂತ ಮೇಲೇ ಕಿಣ್ವದ ಆಕಾರ ಕೆಲಸಕ್ಕೆ ಸಿದ್ಧವಾಗುತ್ತದೆ, ಕೈ ಹಾಕಿದ ಮೇಲೆ ಕೈಗವಸು ಆಕಾರ ಪಡೆದ ಹಾಗೆ ಎಂದು ಕೋಶ್‌ಲ್ಯಾಂಡ್ ವಾದಿಸಿದ. ಇಪ್ಪತ್ತು ವರ್ಷದ ನಂತರ ಬಂದ ಎಕ್ಸ್-ರೇ ಚಿತ್ರಗಳಲ್ಲಿ ಹೆಕ್ಸೋಕೈನೇಸ್ ಗ್ಲೂಕೋಸಿನ ಮೇಲೆ ದವಡೆ ಮುಚ್ಚಿದಂತೆ ಮುಚ್ಚಿಕೊಂಡಿರುವುದು ಕಂಡಿತು.

ಪ್ಯಾರಿಸ್ಸಿನ ಜಾಕ್ ಮೊನೊ ಬೇರೆ ಮಾತು ಹೇಳಿದ. 1965ರಲ್ಲಿ ಜೆಫ್ರೀಸ್ ವೈಮನ್ ಮತ್ತು ಜಾನ್ ಪಿಯರ್ ಶಾಂಜು ಜೊತೆ ಅವನು ಮಂಡಿಸಿದ ವಾದ ಇದು. ಅಣು ಅತಿಥಿ ಬರಲಿ ಅಂತ ಕಾಯ್ತಾ ಕೂರೋದಿಲ್ಲ. ಎರಡೂ ಆಕಾರಗಳ ನಡುವೆ ಅದು ತನ್ನಷ್ಟಕ್ಕೆ ತಾನೇ ಹೋಗಿಬಂದು ಮಾಡುತ್ತಿರುತ್ತದೆ. ಒಂದು ಬಿಗಿ ಆಕಾರ, ಆಮ್ಲಜನಕಕ್ಕೆ ಅಷ್ಟಾಗಿ ಒಲಿಯದ್ದು. ಇನ್ನೊಂದು ಸಡಿಲ ಆಕಾರ, ಒಲಿಯುವಂಥದ್ದು. ಆಮ್ಲಜನಕ ಬಂದಾಗ ಸಡಿಲ ಆಕಾರದಲ್ಲಿ ಇದ್ದದ್ದನ್ನು ಹಿಡಿದು ಅಲ್ಲೇ ನಿಲ್ಲಿಸುತ್ತದೆ. ನಾಲ್ಕು ತುಂಡುಗಳೂ ಒಟ್ಟಿಗೇ ಹೊರಳುವುದರಿಂದ ಒಂದು ಎಲೆ ತುಂಬಿದರೆ ಉಳಿದ ಮೂರೂ ಸಿದ್ಧ.

ಅತಿಥಿ ಬಂದು ಮನೆಯ ಆಕಾರ ಬದಲಿಸ್ತಾನೋ, ಬದಲಾಗುತ್ತಲೇ ಇರುವ ಮನೆಯಲ್ಲಿ ತನಗೆ ಹೊಂದುವ ಗಳಿಗೆಯನ್ನು ಹಿಡೀತಾನೋ? ಈ ಜಗಳ ದಶಕಗಳ ಕಾಲ ನಡೆಯಿತು. ಎರಡೂ ನಡೆಯುತ್ತವೆ, ಕೆಲವು ಅಣುಗಳಲ್ಲಿ ಒಂದರ ಹಿಂದೊಂದು ನಡೆಯುತ್ತವೆ ಅನ್ನೋದು ಈಗ ಸಾಮಾನ್ಯವಾಗಿ ಒಪ್ಪಿತ. ಮುಖ್ಯ ಸಂಗತಿ ಏನಂದ್ರೆ ಜಗಳವಾಡಿದ ಇಬ್ಬರೂ ಗಟ್ಟಿ ಬೀಗವನ್ನು ಕೈಬಿಟ್ಟಿದ್ದರು.

1970ರಲ್ಲಿ ಪೆರುಟ್ಸ್ ಹಿಮೋಗ್ಲೋಬಿನ್ನಿನ ಯಂತ್ರವನ್ನು ಬಿಡಿಸಿ ತೋರಿಸಿದ. ಕಬ್ಬಿಣದ ಪರಮಾಣು ಹೀಮ್ ಎಂಬ ಚಪ್ಪಟೆ ತಟ್ಟೆಯ ನಡುವೆ ಇರುತ್ತದೆ. ಆಮ್ಲಜನಕ ಇಲ್ಲದಾಗ ಅದು ತಟ್ಟೆಯಿಂದ ಸ್ವಲ್ಪ, ಸುಮಾರು ಅರ್ಧ ಆಂಗ್‌ಸ್ಟ್ರಾಂನಷ್ಟು, ಆಚೆಗೆ ಉಬ್ಬಿಕೊಂಡಿರುತ್ತದೆ. ಆಮ್ಲಜನಕ ಬಂದು ಕೂತಾಗ ತಟ್ಟೆಯ ಮಟ್ಟಕ್ಕೆ ಬರುತ್ತದೆ. ಬರುವಾಗ ತನಗೆ ಕಟ್ಟಿಕೊಂಡ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಎಳೆಯುತ್ತದೆ, ಹಿಸ್ಟಿಡಿನ್ ತನ್ನ ಸುರುಳಿಯನ್ನು ಎಳೆಯುತ್ತದೆ, ಸುರುಳಿಯ ಚಲನೆ ತುಂಡುಗಳ ನಡುವಿನ ಬೆಸುಗೆಗಳನ್ನು ಬಿಡಿಸುತ್ತದೆ. ಏತದ ಮರದ ಒಂದು ತುದಿ ಚೂರು ಅಲುಗಿದರೆ ಇನ್ನೊಂದು ತುದಿ ಬಾವಿಗೇ ಇಳಿಯುವುದಿಲ್ಲವೆ, ಹಾಗೆ. ಪೆರುಟ್ಸ್ ಹೇಳಿದ ಪ್ರತಿಯೊಂದು ವಿವರವೂ ಹಾಗೇ ಉಳಿದಿಲ್ಲ. ಅರ್ಧ ಆಂಗ್‌ಸ್ಟ್ರಾಂನ ಅಲುಗಾಟ 25 ಆಂಗ್‌ಸ್ಟ್ರಾಂ ದೂರಕ್ಕೆ ಸುದ್ದಿ ಮುಟ್ಟಿಸುತ್ತದೆ ಎಂಬ ಮೂಲ ವಿಚಾರ ಉಳಿದಿದೆ.

*

ಇಷ್ಟೆಲ್ಲ ಆದರೂ ಬಾಗಿಲಿನ ಪ್ರಶ್ನೆ ಹಾಗೇ ಇತ್ತು. ಎರಡು ಚಿತ್ರಗಳಲ್ಲೂ ಬಾಗಿಲಿಲ್ಲ. ಒಂದೇ ಎಲೆಯ ಮಯೋಗ್ಲೋಬಿನ್ನಿನಲ್ಲೂ ಇಲ್ಲ.

ಸುಳಿವು ಮೊದಲೇ ಸಿಕ್ಕಿತ್ತು. 1950ರ ದಶಕದಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಲಿಂಡರ್‌ಸ್ಟ್ರೋಮ್-ಲಾಂಗ್ ಪ್ರೋಟೀನುಗಳನ್ನು ಭಾರಜಲದ ಜೊತೆ ಇಟ್ಟು, ಅವುಗಳ ಒಳಗೆ ಹುದುಗಿದ ಹೈಡ್ರೋಜನ್ನುಗಳು ಕೂಡ ನಿಧಾನವಾಗಿ ಹೊರಗಿನವುಗಳ ಜೊತೆ ಅದಲುಬದಲಾಗುತ್ತವೆ ಎಂದು ಕಂಡಿದ್ದ. ಒಳಗಿನದಕ್ಕೆ ಹೊರಗಿನ ಗಾಳಿ ತಾಕಬೇಕಾದರೆ ಪ್ರೋಟೀನ್ ಆಗಾಗ ಬಿಚ್ಚಿಕೊಂಡು ಮುಚ್ಚಿಕೊಳ್ಳುತ್ತಿರಬೇಕು. 1973ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಲಾಕೊವಿಟ್ಸ್ ಮತ್ತು ಗ್ರೆಗೋರಿಯೊ ವೆಬರ್, ಪ್ರೋಟೀನಿನ ಒಳಗೆ ಹೂತುಹೋದ ಹೊಳೆಯುವ ಗುಂಪುಗಳ ಬೆಳಕನ್ನೂ ಆಮ್ಲಜನಕ ಬೇಗನೆ ಆರಿಸಿಬಿಡುತ್ತದೆ ಎಂದು ತೋರಿಸಿದರು. ಗೋಡೆ ಅಂದುಕೊಂಡದ್ದರ ಮೂಲಕ ಆಮ್ಲಜನಕ ನುಸುಳುತ್ತಿತ್ತು.

ಅದೇ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ಫ್ರಾವೆನ್‌ಫೆಲ್ಡರ್ ಇದ್ದ. ಸ್ವಿಟ್ಜರ್ಲೆಂಡಿನಿಂದ ಬಂದ ಈತ ಪರಮಾಣು ಬೀಜದ ಭೌತವಿಜ್ಞಾನಿ, ಜೀವಶಾಸ್ತ್ರದವನಲ್ಲ. ಆಟ ಅರ್ಥ ಆಗಬೇಕಾದರೆ ಆಟಗಾರರನ್ನು ನಿಧಾನ ಮಾಡಬೇಕು, ಅದಕ್ಕೆ ಚಳಿಗಿಂತ ಒಳ್ಳೆಯ ಉಪಾಯ ಇಲ್ಲ ಅನ್ನೋದು ಅವನ ಕಸುಬಿನ ಬುದ್ಧಿ. ಆಮ್ಲಜನಕದ ಬದಲಿಗೆ ಕಬ್ಬಿಣಕ್ಕೆ ಇಂಗಾಲದ ಮೊನಾಕ್ಸೈಡ್ ಹಿಡಿಸಿಕೊಂಡ ಮಯೋಗ್ಲೋಬಿನ್ನನ್ನು ಅವನ ತಂಡ ಗ್ಲಿಸರಿನ್ ಬೆರೆಸಿದ ನೀರಿನಲ್ಲಿಟ್ಟು, ಸೊನ್ನೆಗಿಂತ ಇನ್ನೂರು ಡಿಗ್ರಿಗೂ ಕೆಳಗೆ ತಣಿಸಿತು. ಲೇಸರ್ ಬೆಳಕಿನ ಒಂದು ಮಿಂಚಿನಿಂದ ಕಬ್ಬಿಣಕ್ಕೂ ಮೊನಾಕ್ಸೈಡಿಗೂ ಇದ್ದ ಬೆಸುಗೆ ಕಡಿಯಿತು. ಬಿಡಿಸಿಕೊಂಡ ಅಣು ವಾಪಸ್ ಬಂದು ಕೂರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೈಕ್ರೋಸೆಕೆಂಡಿನಿಂದ ಹಿಡಿದು ಸಾವಿರ ಸೆಕೆಂಡಿನವರೆಗೆ ಅಳೆದರು. 1975ರಲ್ಲಿ ಫಲಿತಾಂಶ ಪ್ರಕಟವಾಯಿತು.

ಕಡುಚಳಿಯಲ್ಲಿ ಮೊನಾಕ್ಸೈಡ್ ಹೊರಗೆ ಹೋಗಲೇ ಇಲ್ಲ. ಗೂಡಿನಲ್ಲೇ ಸಿಕ್ಕಿಬಿದ್ದು, ಅಲ್ಲಿಂದಲೇ ಕಬ್ಬಿಣಕ್ಕೆ ವಾಪಸ್ ಅಂಟಿಕೊಂಡಿತು. ಪೆರುಟ್ಸ್‌ನ ಚಿತ್ರ ಹೇಳಿದ್ದು ಅಲ್ಲಿ ನಿಜವಾಗಿತ್ತು: ಹೆಪ್ಪುಗಟ್ಟಿದ ಮನೆಗೆ ಬಾಗಿಲಿಲ್ಲ. ಚಳಿ ಇಳಿಸುತ್ತಾ ಬಂದಂತೆ ಮೊನಾಕ್ಸೈಡ್ ಹೊರಗೆ ಹೋಗಿ ಬರತೊಡಗಿತು. ಪ್ರೋಟೀನ್ ಅಲುಗಾಡುವಷ್ಟು ಬೆಚ್ಚಗಾದಾಗ ಮಾತ್ರ ದಾರಿ ತೆರೆಯುತ್ತಿತ್ತು.

ಇನ್ನೊಂದು ಅಚ್ಚರಿ ಕಾದಿತ್ತು. ಕಡುಚಳಿಯಲ್ಲಿ ಎಲ್ಲ ಅಣುಗಳೂ ಒಂದೇ ವೇಗದಲ್ಲಿ ಬೆಸೆದುಕೊಳ್ಳಲಿಲ್ಲ. ಕೆಲವು ತಕ್ಷಣ, ಕೆಲವು ನಿಧಾನ, ಇನ್ನು ಕೆಲವು ಬಹಳ ನಿಧಾನ. ಅಂದ್ರೆ ಒಂದೇ ಅಚ್ಚಿನಲ್ಲಿ ಎರೆದಂತೆ ಇದ್ದವು ಅಂದುಕೊಂಡ ಮಯೋಗ್ಲೋಬಿನ್ ಅಣುಗಳು ಒಂದೊಂದೂ ಚೂರು ಚೂರು ಬೇರೆ ಭಂಗಿಯಲ್ಲಿ ಹೆಪ್ಪುಗಟ್ಟಿದ್ದವು. ನಮ್ಮ ಮೈ ಬಿಸಿಯಲ್ಲಿ ಪ್ರತಿ ಅಣುವೂ ಆ ಸಾವಿರ ಭಂಗಿಗಳ ನಡುವೆ ಬಿಡುವಿಲ್ಲದೆ ಓಡಾಡುತ್ತಿರುತ್ತದೆ. ನಾವು ಎಕ್ಸ್-ರೇಯಲ್ಲಿ ನೋಡೋದು ಅವೆಲ್ಲದರ ಸರಾಸರಿ. ಸಂತೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕ್ಯಾಮೆರಾ ತೆರೆದಿಟ್ಟು ತೆಗೆದ ಒಂದೇ ಫೋಟೋದಲ್ಲಿ ಅಂಗಡಿಗಳು ಕಾಣ್ತವೆ, ಓಡಾಡಿದ ಜನ ಕಾಣೋದಿಲ್ಲ.

ಆ ಓಡಾಟವನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡಿದವನು ಹಾರ್ವರ್ಡಿನ ಮಾರ್ಟಿನ್ ಕಾರ್ಪ್ಲಸ್. ಇವನೂ ಪೆರುಟ್ಸ್‌ನ ಹಾಗೆ ವಿಯೆನ್ನಾದವನು, ಎಂಟು ವರ್ಷದ ಹುಡುಗನಾಗಿದ್ದಾಗ 1938ರಲ್ಲೇ ಊರು ಬಿಟ್ಟು ಓಡಬೇಕಾಗಿ ಬಂದವನು. 1977ರಲ್ಲಿ ಅವನ ತಂಡ 58 ಅಮೈನೋ ಆಮ್ಲಗಳ ಒಂದು ಪುಟ್ಟ ಪ್ರೋಟೀನಿನ ಪರಮಾಣುಗಳಿಗೆ ನ್ಯೂಟನ್ನನ ನಿಯಮ ಹಚ್ಚಿ, ಅವು ಹೇಗೆ ಚಲಿಸುತ್ತವೆ ಎಂದು ಲೆಕ್ಕ ಹಾಕಿತು. ಹತ್ತು ಪಿಕೋಸೆಕೆಂಡಿಗೂ ಕಡಿಮೆ ಅವಧಿಯ ಓಟ ಅದು. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಸೆಕೆಂಡ್. ಅಷ್ಟರಲ್ಲೇ ಪ್ರೋಟೀನಿನ ಒಳಭಾಗ ದ್ರವದ ಹಾಗೆ ತುಯ್ದಾಡುವುದು ಕಂಡಿತು. 1979ರಲ್ಲಿ ಡೇವಿಡ್ ಕೇಸ್ ಜೊತೆ ಮಯೋಗ್ಲೋಬಿನ್ ಲೆಕ್ಕವನ್ನೂ ಮಾಡಿದ. ಪರಮಾಣುಗಳನ್ನು ಚಿತ್ರದಲ್ಲಿ ಇದ್ದ ಹಾಗೇ ಕಟ್ಟಿಹಾಕಿದರೆ ಅಡ್ಡಗೋಡೆ ದಾಟಲಾಗದಷ್ಟು ಎತ್ತರ, ಸ್ವಲ್ಪ ಅಲುಗಾಡಲು ಬಿಟ್ಟರೆ ಗೋಡೆ ತಗ್ಗುತ್ತದೆ. ಹೀಮ್ ಪಕ್ಕದಲ್ಲಿ ಕಾವಲು ನಿಂತ ಇನ್ನೊಂದು ಹಿಸ್ಟಿಡಿನ್ ಹೊರಕ್ಕೆ ತಿರುಗಿದಾಗ ದಾರಿ ಬಿಡುತ್ತದೆ ಎಂದು ಪೆರುಟ್ಸ್ ಮೊದಲೇ ಊಹಿಸಿದ್ದ. ಆ ಜಾಗದ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಬದಲಿಸಿ ನೋಡಿದ ಪ್ರಯೋಗಗಳು ಮುಂದೆ ಅದೇ ಮುಖ್ಯ ಬಾಗಿಲು ಎಂದು ಹೇಳಿದವು. ಬಾಗಿಲು ಇತ್ತು. ಅದು ತೆರೆದು ಮುಚ್ಚಿಕೊಳ್ಳುವ ಬಾಗಿಲಾದ್ದರಿಂದ ಮುಚ್ಚಿದ್ದಾಗ ತೆಗೆದ ಚಿತ್ರದಲ್ಲಿ ಗೋಡೆಯಾಗಿ ಕಂಡಿತ್ತು.

ಪ್ರೋಟೀನ್ ಇಷ್ಟು ಅಲುಗಾಡಿಯೂ ಚೆಲ್ಲಾಪಿಲ್ಲಿ ಆಗೋದಿಲ್ಲವಲ್ಲ, ಯಾಕೆ? ಇದಕ್ಕೆ ಉತ್ತರದ ಒಂದು ಭಾಗ ನಮ್ಮ ದಕ್ಷಿಣದಿಂದಲೇ ಬಂತು. 1963ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್, ರಾಮಕೃಷ್ಣನ್ ಮತ್ತು ಶಶಿಶೇಖರನ್ ಪ್ರೋಟೀನ್ ಸರಪಳಿಯ ಪ್ರತಿ ಕೊಂಡಿ ಎರಡು ಬೆಸುಗೆಗಳ ಸುತ್ತ ಎಷ್ಟು ತಿರುಗಬಹುದು ಎಂದು ಲೆಕ್ಕ ಹಾಕಿದರು. ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದ ಹಾಗೆ ತಿರುಗಲು ಉಳಿಯುವ ಜಾಗ ಬಹಳ ಕಡಿಮೆ. ಆ ನಕ್ಷೆಗೆ ಇಂದು ಜಗತ್ತಿನಾದ್ಯಂತ ರಾಮಚಂದ್ರನ್ ನಕ್ಷೆ ಎಂದೇ ಹೆಸರು. ಹೊಸ ಪ್ರೋಟೀನ್ ರಚನೆ ಸರಿಯೋ ತಪ್ಪೋ ಎಂದು ನೋಡಲು ಇವತ್ತಿಗೂ ಅದನ್ನೇ ಹಿಡಿಯುತ್ತಾರೆ. 1971ರಲ್ಲಿ ರಾಮಚಂದ್ರನ್, ತಾವು ಹಿಂದೆ ಸಿ. ವಿ. ರಾಮನ್ ಕೈಕೆಳಗೆ ಕಲಿತಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಯಕ್ಷಗಾನದ ಕುಣಿತಕ್ಕೆ ತಾಳದ ಕಟ್ಟು ಇದ್ದ ಹಾಗೆ ಪ್ರೋಟೀನಿನ ಕುಣಿತಕ್ಕೂ ಕಟ್ಟು ಇದೆ ಅನ್ನೋದನ್ನ ಆ ನಕ್ಷೆ ಒಂದೇ ಪುಟದಲ್ಲಿ ತೋರಿಸುತ್ತದೆ.

*

ಇದೆಲ್ಲ ವಿಜ್ಞಾನಿಗಳ ತಲೆನೋವು, ನಮಗೇನು ಅಂತೀರಾ? ಬಸುರಿಯ ಹೊಟ್ಟೆಯಲ್ಲಿರೋ ಮಗುವನ್ನು ಕೇಳಿ. ನಮ್ಮ ಕೆಂಪು ರಕ್ತಕಣಗಳಲ್ಲಿ ಡಿಪಿಜಿ ಅನ್ನೋ ಪುಟ್ಟ ಅಣು ಇದೆ. ಅದು ಹಿಮೋಗ್ಲೋಬಿನ್ ಬಿಗಿ ಆಕಾರದಲ್ಲಿದ್ದಾಗ ನಡುವೆ ತೆರೆಯುವ ಸಂದಿಯಲ್ಲಿ ಕೂತು, ಅದನ್ನು ಅಲ್ಲೇ ಹಿಡಿದು, ಆಮ್ಲಜನಕ ಬಿಡಿಸುತ್ತದೆ. ಇದು ಗೊತ್ತಾದದ್ದು 1967ರಲ್ಲಿ. ಹುಟ್ಟದ ಮಗುವಿನ ಹಿಮೋಗ್ಲೋಬಿನ್ ಸ್ವಲ್ಪ ಬೇರೆ ರೀತಿಯದು, ಡಿಪಿಜಿಯನ್ನು ಅಷ್ಟಾಗಿ ಹಿಡಿಸಿಕೊಳ್ಳುವುದಿಲ್ಲ. ಅದಕ್ಕೇ ತಾಯಿಯ ರಕ್ತ ಬಿಟ್ಟ ಆಮ್ಲಜನಕವನ್ನು ಮಗುವಿನ ರಕ್ತ ಹಿಡಿದುಕೊಳ್ಳುತ್ತದೆ.

ನೋವಿನ ಸಂಗತಿ ಬರುತ್ತೆ ಅಂದಿದ್ದೆನಲ್ಲ, ಅದು ಸಿಕಲ್ ಸೆಲ್ ರೋಗ. ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೂಳೆ ಮೂಳೆಯಲ್ಲೂ ತಡೆಯಲಾರದ ನೋವು. 1949ರಲ್ಲಿ ಲೈನಸ್ ಪಾಲಿಂಗ್ ತಂಡ ಇದರ ಮೂಲ ಹಿಮೋಗ್ಲೋಬಿನ್ ಅಣುವಿನಲ್ಲೇ ಇದೆ ಎಂದು ತೋರಿಸಿತು. 1957ರ ಹೊತ್ತಿಗೆ ಪೆರುಟ್ಸ್‌ನ ಪ್ರಯೋಗಾಲಯದಲ್ಲೇ ಇದ್ದ ವರ್ನನ್ ಇನ್‌ಗ್ರಾಂ ಆ ದೋಷ ಏನೆಂದು ಕಂಡುಹಿಡಿದ. ಬೀಟಾ ಸರಪಳಿಯ 146 ಅಮೈನೋ ಆಮ್ಲಗಳಲ್ಲಿ ಆರನೆಯದು ಒಂದೇ ಒಂದು ಬದಲಾಗಿದೆ. ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲಿನ್.

ಆ ವ್ಯಾಲಿನ್ ಯಾವಾಗಲೂ ಇರುತ್ತದೆ, ಆದರೆ ಯಾವಾಗಲೂ ತೊಂದರೆ ಕೊಡುವುದಿಲ್ಲ. ಆಮ್ಲಜನಕ ಹಿಡಿದ ಆಕಾರದಲ್ಲಿ ಅಣುಗಳು ಬಿಡಿಬಿಡಿಯಾಗೇ ಇರುತ್ತವೆ. ಆಮ್ಲಜನಕ ಬಿಟ್ಟು ಬಿಗಿ ಆಕಾರಕ್ಕೆ ಹೊರಳಿದಾಗ ಪಕ್ಕದ ಅಣುವಿನಲ್ಲಿ ಒಂದು ಕುಳಿ ಒದಗುತ್ತದೆ, ವ್ಯಾಲಿನ್ ಅಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ. ಒಂದಕ್ಕೊಂದು, ಅದಕ್ಕೆ ಮತ್ತೊಂದು ಅಂಟಿಕೊಂಡು ಉದ್ದುದ್ದ ಎಳೆಗಳಾಗಿ ರಕ್ತಕಣವನ್ನೇ ಸೆಟೆಸಿಬಿಡುತ್ತವೆ. ನಮಗೆ ಉಸಿರು ತಂದುಕೊಡುವ ಅದೇ ಹೊರಳಾಟ ಇಲ್ಲಿ ಮುಳುವಾಗುತ್ತದೆ.

ಹಾಗಾದರೆ ಹೊರಳದಂತೆ ತಡೆದರೆ? ವಾಕ್ಸೆಲೋಟರ್ ಅನ್ನೋ ಔಷಧಿಯ ಹಿಂದೆ ಇದ್ದದ್ದು ಇದೇ ಯೋಚನೆ. ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಅದನ್ನು ಆಮ್ಲಜನಕ ಹಿಡಿದ ಆಕಾರದಲ್ಲೇ ನಿಲ್ಲಿಸುತ್ತದೆ. 2019ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ರೋಗಿಗಳ ಹಿಮೋಗ್ಲೋಬಿನ್ ಪ್ರಮಾಣ ಏರಿತು ಕೂಡ. ಆದರೆ ಆಮ್ಲಜನಕ ಬಿಡದ ಹಿಮೋಗ್ಲೋಬಿನ್ ಎಷ್ಟಿದ್ದರೇನು ಎಂದು ಕೆಲವು ತಜ್ಞರು ಮೊದಲಿನಿಂದಲೂ ಕೇಳುತ್ತಿದ್ದರು. 2024ರ ಸೆಪ್ಟೆಂಬರಿನಲ್ಲಿ ಫೈಜರ್ ಕಂಪನಿ ಅದನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಔಷಧಿ ತೆಗೆದುಕೊಂಡವರಲ್ಲಿ ನೋವಿನ ಬಿಕ್ಕಟ್ಟುಗಳೂ ಸಾವುಗಳೂ ಹೆಚ್ಚು ಕಂಡುಬಂದ ಕಾರಣಕ್ಕೆ. ಆಕಾರ ಗೊತ್ತಾದ ಮಾತ್ರಕ್ಕೆ ಅದನ್ನು ಕಟ್ಟಿಹಾಕಿ ರೋಗ ಗೆಲ್ಲೋದು ಸುಲಭವಲ್ಲ.

ಈ ರೋಗ ದೂರದ ಆಫ್ರಿಕಾ, ಅಮೆರಿಕಗಳದ್ದು ಮಾತ್ರ ಅಲ್ಲ. 1952ರಲ್ಲೇ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ನೀಲಗಿರಿಯ ಬುಡಕಟ್ಟು ಜನರಲ್ಲಿ ಇದರ ಅಂಶವನ್ನು ಗುರುತಿಸಿದ್ದರು. ಇದೇ ಲೇಮನ್ ಮುಂದೆ ಪೆರುಟ್ಸ್ ಜೊತೆಗೂಡಿ ಹಿಮೋಗ್ಲೋಬಿನ್ನಿನ ದೋಷಗಳನ್ನು ಅದರ ರಚನೆಯ ಮೇಲಿಟ್ಟು ವಿವರಿಸಿದ. ನೀಲಗಿರಿಯ ಈಚೆಗೆ ಸೋಲಿಗರು, ಜೇನು ಕುರುಬರು ಇರುವ ನಮ್ಮ ಕಾಡಂಚಿನ ಜಿಲ್ಲೆಗಳಲ್ಲೂ ಈ ರೋಗ ಇದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡಿದೆ. 2047ರೊಳಗೆ ರೋಗ ಹೋಗಬೇಕು ಅನ್ನೋದು ಆಶಯ.

ಇಂಥ ಶಿಬಿರಗಳಲ್ಲಿ ಬಳಸುವ ಸರಳ ಪರೀಕ್ಷೆಯೊಂದಿದೆ. ಬೆರಳಿಗೆ ಚುಚ್ಚಿ ತೆಗೆದ ಒಂದಿಷ್ಟು ರಕ್ತವನ್ನು ಸಣ್ಣ ಕೊಳವೆಯ ದ್ರಾವಣಕ್ಕೆ ಹಾಕುತ್ತಾರೆ. ದ್ರಾವಣದಲ್ಲಿರುವ ಡೈಥಯೊನೈಟ್ ರಕ್ತದ ಆಮ್ಲಜನಕವನ್ನೆಲ್ಲ ಕಸಿದುಕೊಳ್ಳುತ್ತದೆ, ಹಿಮೋಗ್ಲೋಬಿನ್ ಬೇರೆ ದಾರಿಯಿಲ್ಲದೆ ಬಿಗಿ ಆಕಾರಕ್ಕೆ ಹೊರಳುತ್ತದೆ. ಕೊಳವೆಯ ಹಿಂದೆ ಕಪ್ಪು ಗೆರೆ ಎಳೆದ ಒಂದು ಕಾರ್ಡ್ ಹಿಡಿಯುತ್ತಾರೆ. ರಕ್ತ ಸರಿಯಿದ್ದರೆ ದ್ರಾವಣ ತಿಳಿಯಾಗಿದ್ದು ಗೆರೆಗಳು ಕಾಣುತ್ತವೆ. ಸಿಕಲ್ ಹಿಮೋಗ್ಲೋಬಿನ್ ಇದ್ದರೆ ಅಣುಗಳು ಒಂದಕ್ಕೊಂದು ಅಂಟಿಕೊಂಡು ದ್ರಾವಣ ಮಬ್ಬಾಗುತ್ತದೆ, ಗೆರೆಗಳು ಮರೆಯಾಗುತ್ತವೆ. ಆಗ ಆ ಮಗುವಿನ ರಕ್ತ ಇನ್ನೊಂದು ಪರೀಕ್ಷೆಗೆ ಹೋಗುತ್ತದೆ: ಬರೀ ವಾಹಕವೋ, ರೋಗವೇ ಇದೆಯೋ ಎಂದು ನೋಡಲು. ಹೌರೋವಿಟ್ಸ್ ಪ್ರಾಗಿನಲ್ಲಿ ಸೂಕ್ಷ್ಮದರ್ಶಕದಡಿ ಕಂಡ ಆ ಹೊರಳಾಟವನ್ನು ಕಾಡಂಚಿನ ಹಾಡಿಯಲ್ಲಿ ಒಬ್ಬ ಆರೋಗ್ಯ ಕಾರ್ಯಕರ್ತೆ ಬರಿಗಣ್ಣಿನಲ್ಲೇ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾಳೆ.